ಮೈ ಕುಲುಕಿಸದ ಕುದುರೆ ಬೇಕೆ? ಮೊದಲು ಗೊರಸಿನ ತಾಳ ಕೇಳಿ

ಸವಾರಿ ಕಲಿಯಲು ಶುರುಮಾಡಿದವರ ಮೊದಲ ದೂರು ಸಾಮಾನ್ಯವಾಗಿ ಸೊಂಟದ್ದು. ಕುದುರೆ ನಿಧಾನಕ್ಕೆ ನಡೆಯುವವರೆಗೆ ಚೆನ್ನಾಗಿಯೇ ಇರುತ್ತದೆ. ವೇಗ ಸ್ವಲ್ಪ ಏರಿ ಕುಕ್ಕುಲೋಟಕ್ಕೆ, ಅಂದರೆ ಟ್ರಾಟ್‌ಗೆ ಬಂದ ಕೂಡಲೇ ಜೀನು ಕೆಳಗಿನಿಂದ ಗುದ್ದತೊಡಗುತ್ತದೆ. ಅದಕ್ಕೇ ಸವಾರರು ಆ ತಾಳಕ್ಕೆ ತಕ್ಕಂತೆ ರಿಕಾಪಿನ ಮೇಲೆ ಎದ್ದು ಕೂರುತ್ತಾ ಹೋಗುವುದು. ಬೆನ್ನುನೋವಿರುವವರಿಗೆ, ಮಂಡಿ ಸವೆದವರಿಗೆ, ದಿನವಿಡೀ ಜೀನಿನ ಮೇಲೇ ಇರಬೇಕಾದವರಿಗೆ ಇದು ಆಗಿಬರುವುದಿಲ್ಲ. ಇಂಥವರು ಹುಡುಕಿಕೊಂಡು ಹೋಗುವುದು ಟ್ರಾಟ್ ಬದಲು ಬೇರೊಂದು ನಡಿಗೆ ಇರುವ ಕುದುರೆಗಳನ್ನು. ಇವುಗಳನ್ನು ಗೇಟೆಡ್ ಕುದುರೆಗಳು ಅನ್ನುತ್ತಾರೆ. ಇವು ವೇಗವಾಗಿ ಹೋಗುತ್ತಿದ್ದರೂ ಮೇಲಿರುವವರು ಕುರ್ಚಿಯಲ್ಲಿ ಕೂತಂತೆ ಕೂತಿರಬಹುದು.

ಕೊಳ್ಳಲು ಹೊರಟಾಗ ಗೊಂದಲ ಶುರುವಾಗುತ್ತದೆ. ತಳಿಗಳು ಹತ್ತಾರು. ಒಂದೊಂದರ ನಡಿಗೆಗೂ ಒಂದೊಂದು ಹೆಸರು. ಮಾರುವವರೆಲ್ಲರೂ ತಮ್ಮ ಕುದುರೆಯೇ ಬಲು ಮೆತ್ತಗೆ ಹೋಗುತ್ತದೆ ಅನ್ನುವವರೇ. ನನ್ನ ಪ್ರಕಾರ ಇಲ್ಲಿ ನೀವು ದುಡ್ಡು ಕೊಡುವುದು ಒಂದು ತಾಳಕ್ಕೆ. ಆ ತಾಳ ಕುದುರೆಗೆ ಹುಟ್ಟಿನಿಂದ ಬಂದದ್ದೋ, ತರಬೇತಿಯಲ್ಲಿ ಗಟ್ಟಿಯಾದದ್ದೋ, ಲಾಳ ಮತ್ತು ಕಡಿವಾಣದ ಬಲವಂತಕ್ಕೆ ಹೊರಟದ್ದೋ ಅಂತ ಪತ್ತೆ ಹಚ್ಚುವುದೇ ಕೊಳ್ಳುವವರ ಮುಖ್ಯ ಕೆಲಸ. ತಳಿ ಬೆಳೆಸುವವರ ಹತ್ತಿರವೇ ಹೋಗಿ ಕೊಂಡರೆ ಈ ಪತ್ತೆದಾರಿಕೆ ಸುಲಭ. ಯಾಕೆಂದು ಮುಂದೆ ಹೇಳುತ್ತೇನೆ. ಮೊದಲು ತಾಳ ಅಂದರೆ ಏನು ಅಂತ ನೋಡೋಣ.

ನಾಲ್ಕು ಕಾಲಿನ ಲೆಕ್ಕ

ಟ್ರಾಟ್‌ನಲ್ಲಿ ಕುದುರೆ ಕಾಲುಗಳನ್ನು ಓರೆ ಜೋಡಿಯಾಗಿ ಇಡುತ್ತದೆ. ಎಡ ಹಿಂಗಾಲು ಮತ್ತು ಬಲ ಮುಂಗಾಲು ಒಟ್ಟಿಗೆ, ಆಮೇಲೆ ಬಲ ಹಿಂಗಾಲು ಮತ್ತು ಎಡ ಮುಂಗಾಲು ಒಟ್ಟಿಗೆ. ಕೇಳುವುದು ಎರಡೇ ಸದ್ದು. ಈ ಎರಡು ಸದ್ದಿನ ನಡುವೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆ. ಮೇಲೆ ಹಾರಿದ್ದು ಕೆಳಗೆ ಬೀಳಲೇಬೇಕು ಅಲ್ವಾ? ಸವಾರನ ಸೊಂಟಕ್ಕೆ ಬೀಳುವ ಗುದ್ದು ಅದೇ.

ಪೇಸ್ ಎಂಬ ಇನ್ನೊಂದು ನಡಿಗೆ ಇದೆ. ಅದರಲ್ಲಿ ಒಂದೇ ಪಕ್ಕದ ಎರಡೂ ಕಾಲು ಒಟ್ಟಿಗೆ ಹೋಗುತ್ತವೆ. ಇದೂ ಎರಡೇ ಸದ್ದು. ಮೇಲೆ ಕೆಳಗೆ ಕುಕ್ಕುವುದು ಕಡಿಮೆ, ಅದರ ಬದಲು ಎಡಕ್ಕೂ ಬಲಕ್ಕೂ ತೂಗಾಡಿಸುತ್ತದೆ. ಸ್ವಲ್ಪ ದೂರ ಹೋದರೆ ಇದೂ ಸಾಕಪ್ಪ ಅನಿಸುತ್ತದೆ.

ಮೆತ್ತನೆಯ ನಡಿಗೆಗಳೆಲ್ಲ ಇವೆರಡರ ನಡುವೆ ಇವೆ. ನಾಲ್ಕು ಕಾಲೂ ಬೇರೆ ಬೇರೆ ಹೊತ್ತಿಗೆ ನೆಲ ಮುಟ್ಟುತ್ತವೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಸಾಮಾನ್ಯ ನಡೆಯ ಕ್ರಮವೂ ಇದೇ, ಇಲ್ಲಿ ವೇಗ ಮಾತ್ರ ಹೆಚ್ಚು. ಯಾವಾಗಲೂ ಒಂದು ಕಾಲಾದರೂ ನೆಲದ ಮೇಲಿರುವುದರಿಂದ ಕುದುರೆಯ ಬೆನ್ನು ಹಾರುವುದಿಲ್ಲ, ಸವಾರನೂ ಹಾರುವುದಿಲ್ಲ. ಇಷ್ಟೇ ಗುಟ್ಟು.

ಈಗ ಈ ನಾಲ್ಕು ಸದ್ದುಗಳ ನಡುವಿನ ಅಂತರವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ನೋಡಿ. ನಾಲ್ಕೂ ಸಮ ಅಂತರದಲ್ಲಿ, ಟಕ ಟಕ ಟಕ ಟಕ ಅಂತ ಬಂದರೆ ಅದು ರ‍್ಯಾಕ್. ಐಸ್‌ಲ್ಯಾಂಡ್ ಕುದುರೆಯ ಟೋಲ್ಟ್ ಕೂಡ ಇದೇ ಜಾತಿಗೆ ಸೇರಿದ್ದು. ಒಂದೇ ಪಕ್ಕದ ಎರಡು ಸದ್ದು ಹತ್ತಿರ ಹತ್ತಿರ ಬಂದರೆ ನಡಿಗೆ ಪೇಸ್ ಕಡೆಗೆ ವಾಲಿದೆ ಎಂದರ್ಥ. ಓರೆ ಜೋಡಿಯ ಸದ್ದುಗಳು ಹತ್ತಿರ ಬಂದರೆ ಟ್ರಾಟ್ ಕಡೆಗೆ ವಾಲಿದೆ. ಅಮೆರಿಕದ ಮಿಸ್ಸೌರಿ ಫಾಕ್ಸ್ ಟ್ರಾಟರ್ ತಳಿಯ ಫಾಕ್ಸ್ ಟ್ರಾಟ್ ಈ ಎರಡನೆಯ ಬಗೆಯದು. ಓರೆ ಜೋಡಿಯಲ್ಲಿ ಮುಂಗಾಲು ಒಂದು ಚೂರು ಮೊದಲು ಇಳಿಯುತ್ತದೆ, ಹಿಂಗಾಲು ಬೆನ್ನಿಗೇ ಇಳಿಯುತ್ತದೆ. ಅಷ್ಟು ಸಣ್ಣ ವ್ಯತ್ಯಾಸವೇ ಕುಕ್ಕನ್ನು ಮುರಿಯಲು ಸಾಕು. ಟೆನ್ನೆಸ್ಸೀ ವಾಕಿಂಗ್ ಹಾರ್ಸ್‌ನ ರನ್ನಿಂಗ್ ವಾಕ್‌ನಲ್ಲಿ ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತನ್ನು ದಾಟಿ ಮುಂದೆ ಬೀಳುತ್ತದೆ, ತಲೆ ತಾಳಕ್ಕೆ ತಕ್ಕಂತೆ ತೂಗುತ್ತದೆ.

ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಕೊನೆಯಲ್ಲಿ ಪೇಸ್, ಇನ್ನೊಂದು ಕೊನೆಯಲ್ಲಿ ಟ್ರಾಟ್, ನಡುವೆ ಉಳಿದವು ಅಂತ ನೆನಪಿಟ್ಟರೆ ಸಾಕು. ಪೆರುವಿನ ಪಾಸೋದ ಪಾಸೋ ಯಾನೋ, ಬ್ರೆಜಿಲ್‌ನ ಮಂಗಲಾರ್ಗಾ ಮಾರ್ಷದೋರ್‌ನ ಮಾರ್ಷಾ, ಮಾರವಾಡಿ ಕುದುರೆಯ ರೇವಾಲ್ ಎಲ್ಲವೂ ಈ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಕೂರುತ್ತವೆ. ಬ್ರೆಜಿಲ್‌ನವರಂತೂ ಒಂದೇ ತಳಿಯೊಳಗೆ ಎರಡು ಬಗೆ ಗುರುತಿಸುತ್ತಾರೆ. ಪಿಕಾದಾ ಪೇಸ್ ಕಡೆಗೆ, ಬಚೀದಾ ಟ್ರಾಟ್ ಕಡೆಗೆ ವಾಲಿದ್ದು. ಪಾಸೋ ಫೀನೋ ತಳಿಯ ಸ್ಪರ್ಧೆಗಳಲ್ಲಿ ಕುದುರೆಯನ್ನು ಮರದ ಹಲಗೆಯ ಮೇಲೆ ನಡೆಸುತ್ತಾರೆ. ತೀರ್ಪುಗಾರರು ಅಲ್ಲಿ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಾರೆ. ಐಸ್‌ಲ್ಯಾಂಡ್ ಕುದುರೆಯವರ ತಮಾಷೆ ಬೇರೆ. ಒಂದು ಕೈಯಲ್ಲಿ ತುಂಬಿದ ಬಿಯರ್ ಲೋಟ ಹಿಡಿದು, ಚೆಲ್ಲದ ಹಾಗೆ ಟೋಲ್ಟ್ ಮಾಡಿಸುವ ಆಟವನ್ನೇ ಆಡುತ್ತಾರೆ.

ವಂಶವಾಹಿ ಹೇಳುವುದೆಷ್ಟು

ಈ ನಡಿಗೆಯ ಮೂಲ 2012ರಲ್ಲಿ ಗೊತ್ತಾಯಿತು. ಸ್ವೀಡನ್ನಿನ ವಿಜ್ಞಾನಿಗಳ ತಂಡ ಐಸ್‌ಲ್ಯಾಂಡ್ ಕುದುರೆಗಳನ್ನು ಪರೀಕ್ಷಿಸಿ, ಡಿಎಂಆರ್‌ಟಿ3 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆಯನ್ನು ಪತ್ತೆ ಮಾಡಿತು. ಬೆನ್ನುಹುರಿಯಲ್ಲಿ ಎಡ ಬಲ ಕಾಲುಗಳ, ಹಿಂಗಾಲು ಮುಂಗಾಲುಗಳ ಹೊಂದಾಣಿಕೆ ನೋಡಿಕೊಳ್ಳುವ ನರಕೋಶಗಳಲ್ಲಿ ಈ ವಂಶವಾಹಿ ಕೆಲಸ ಮಾಡುತ್ತದೆ. ಬದಲಾವಣೆ ಆದಾಗ ಅದರಿಂದ ತಯಾರಾಗುವ ಪ್ರೋಟೀನ್ ಅರ್ಧಕ್ಕೇ ತುಂಡಾಗುತ್ತದೆ. ಆಗ ಕಾಲುಗಳಿಗೆ ಟ್ರಾಟ್‌ನ ಕಟ್ಟು ಸಡಿಲವಾಗಿ, ಬೇರೆ ಜೋಡಣೆಗಳು ಸಾಧ್ಯವಾಗುತ್ತವೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು 141 ತಳಿಗಳ 4396 ಕುದುರೆಗಳನ್ನು ನೋಡಿ, 68 ತಳಿಗಳಲ್ಲಿ ಈ ಬದಲಾವಣೆ ಇದೆ ಎಂದು ಹೇಳಿತು. ಹಳೆಯ ಮೂಳೆಗಳನ್ನು ಪರೀಕ್ಷಿಸಿದವರಿಗೆ ಇದು ಮೊದಲು ಸಿಕ್ಕಿದ್ದು ಇಂಗ್ಲೆಂಡಿನ ಯಾರ್ಕ್‌ನಲ್ಲಿ, ಕ್ರಿ.ಶ. 850-900ರ ಸುಮಾರಿನ ಕುದುರೆಗಳಲ್ಲಿ.

ಈಗ ಕುದುರೆಯ ಕೂದಲು ಕಳಿಸಿದರೆ ಈ ವಂಶವಾಹಿಯ ಪರೀಕ್ಷೆ ಮಾಡಿಕೊಡುವ ಪ್ರಯೋಗಾಲಯಗಳಿವೆ. ಕೆಲವು ಸಾಕಣೆದಾರರು ಅದರ ವರದಿಯನ್ನೇ ಮುಂದಿಟ್ಟು ಮಾರುತ್ತಾರೆ. ಆ ಕಾಗದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಗಾಡಿ ಓಟದ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳಲ್ಲಿ ಹೆಚ್ಚು ಕಡಿಮೆ ಎಲ್ಲದರಲ್ಲೂ ಇದೇ ಬದಲಾವಣೆ ಇದೆ. ಅವುಗಳಲ್ಲಿ ಬಹಳಷ್ಟು ಜೋರು ಟ್ರಾಟ್ ಮಾಡುವುದರಲ್ಲೇ ಹೆಸರುವಾಸಿ! ಬ್ರೆಜಿಲ್‌ನ ಬಚೀದಾ ನಡಿಗೆಯ ಕುದುರೆಗಳಲ್ಲಿ ಈ ಬದಲಾವಣೆ ಇಲ್ಲದೆಯೇ ಮೆತ್ತಗೆ ಹೋಗುವವೂ ಇವೆ. ವಂಶವಾಹಿ ಬಾಗಿಲು ತೆರೆದು ಕೊಡುತ್ತದೆ. ಮೈಕಟ್ಟು, ಮನಸ್ಸು, ತರಬೇತಿ ಉಳಿದದ್ದನ್ನು ತೀರ್ಮಾನಿಸುತ್ತವೆ.

ಲಾಯಕ್ಕೆ ಹೋದಾಗ

ದಲ್ಲಾಳಿಯ ಹತ್ತಿರ ನಿಮಗೆ ಕಾಣುವುದು ಒಂದು ಕುದುರೆ. ಸಾಕಣೆದಾರರ ಹತ್ತಿರ ಕಾಣುವುದು ಒಂದು ಮನೆತನ. ತಾಯಿ ಅಲ್ಲೇ ಮೇಯುತ್ತಿರುತ್ತದೆ. ಅದೇ ತಾಯಿಯ ಮುಂಚಿನ ಮರಿಗಳೂ ಇರಬಹುದು. ತಂದೆ ಅಲ್ಲಿಲ್ಲದಿದ್ದರೆ ಅದರ ವಿಡಿಯೊ ಆದರೂ ಇರುತ್ತದೆ. ಹಾಗಾಗಿ ಮಾರಾಟಕ್ಕಿರುವ ಕುದುರೆಯನ್ನು ಸಿಂಗರಿಸಿ ತರುವ ಮುಂಚೆಯೇ, "ಇದರ ತಾಯಿಯನ್ನು ಸ್ವಲ್ಪ ಬಯಲಿಗೆ ಬಿಡ್ತೀರಾ?" ಅಂತ ಕೇಳಿ. ಜೀನಿಲ್ಲದೆ, ಲಗಾಮಿಲ್ಲದೆ, ತನ್ನಷ್ಟಕ್ಕೆ ಓಡುವ ಕುದುರೆ ಸುಳ್ಳು ಹೇಳುವುದಿಲ್ಲ. ತಾಯಿ ಮೆತ್ತನೆಯ ನಡಿಗೆ ಹಿಡಿದರೆ, ಅದರ ಪಕ್ಕದಲ್ಲಿ ಓಡುವ ಎಳೆ ಮರಿಯೂ ಆಗಾಗ ಅದೇ ತಾಳಕ್ಕೆ ಇಳಿದರೆ, ಆ ಮನೆತನದಲ್ಲಿ ನಡಿಗೆ ಇದೆ ಎಂದು ಧೈರ್ಯವಾಗಿ ಹೇಳಬಹುದು. ಆಟದಲ್ಲಿರುವ ಮರಿಗಳು ಟ್ರಾಟ್, ಪೇಸ್, ನಾಗಾಲೋಟ ಎಲ್ಲವನ್ನೂ ಬೆರೆಸುತ್ತವೆ. ಅದಕ್ಕೆ ಹೆದರಬೇಕಿಲ್ಲ. ನಾಲ್ಕು ಸದ್ದಿನ ತಾಳ ಅದರಲ್ಲಿ ಒಮ್ಮೆಯೂ ಕೇಳದಿದ್ದರೆ ಮಾತ್ರ ಅನುಮಾನ ಪಡಿ.

ಕಣ್ಣಿಗೆ ಅಭ್ಯಾಸವಿಲ್ಲದಿದ್ದರೆ ಫೋನು ಇದೆ. ಕುದುರೆಯನ್ನು ಪಕ್ಕದಿಂದ, ಗೊರಸು ಪೂರ್ತಿ ಕಾಣುವ ಹಾಗೆ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿಕೊಳ್ಳಿ. ಮನೆಗೆ ಬಂದು ನಿಧಾನಕ್ಕೆ ನೋಡಿ. ಹಿಂಗಾಲು ಇಳಿದ ಮೇಲೆ ಅದೇ ಪಕ್ಕದ ಮುಂಗಾಲು ಎಷ್ಟು ಹೊತ್ತಿಗೆ ಇಳಿಯಿತು ಅಂತ ಲೆಕ್ಕ ಹಾಕಿ. ಇನ್ನೊಂದು ಉಪಾಯ ಕಣ್ಣು ಮುಚ್ಚಿ ಕೇಳುವುದು. ಗಟ್ಟಿ ನೆಲದ ಮೇಲೆ ಕುದುರೆಯನ್ನು ನಡೆಸಲು ಹೇಳಿ. ನಾಲ್ಕು ಸದ್ದು ಬಿಡಿಬಿಡಿಯಾಗಿ ಕೇಳಬೇಕು. ಎರಡೆರಡು ಸೇರಿ ಒಂದಾಗಿ ಕೇಳಿದರೆ ಅದು ಪೇಸ್ ಅಥವಾ ಟ್ರಾಟ್, ಮಾರುವವರು ಏನೇ ಹೆಸರು ಕೊಡಲಿ.

ಬಲವಂತದ ನಡಿಗೆಯನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ಮುಂಗಾಲಿನ ಗೊರಸನ್ನು ಉದ್ದ ಬಿಟ್ಟು, ಭಾರದ ಲಾಳ ಹೊಡೆದರೆ ಆ ಕಾಲು ನೆಲ ಬಿಡುವುದು ತಡವಾಗುತ್ತದೆ. ಪೇಸ್ ಮಾಡುವ ಕುದುರೆಯೂ ಆಗ ನಾಲ್ಕು ಸದ್ದಿನ ಹತ್ತಿರ ಬರುತ್ತದೆ. ಬದಿಯ ಕಂಬಿಗಳು ಉದ್ದವಿರುವ ಕಡಿವಾಣ ಹಾಕಿ ತಲೆ ಎತ್ತಿ ಹಿಡಿದರೂ ತಾಳ ಬದಲಾಗುತ್ತದೆ. ಆ ಲಾಳ ಕಿತ್ತು ಸಾಮಾನ್ಯ ಲಾಳ ಹೊಡೆದ ದಿನ ನಡಿಗೆ ಮಾಯ. ಆದ್ದರಿಂದ ಲಾಳವಿಲ್ಲದೆ ಅಥವಾ ಹಗುರ ಲಾಳದಲ್ಲಿ, ಸಾದಾ ಕಡಿವಾಣದಲ್ಲಿ, ಲಗಾಮು ಸಡಿಲ ಬಿಟ್ಟು ತೋರಿಸಿ ಅಂತ ಕೇಳುವುದು ತಪ್ಪೇನಲ್ಲ. ಒಳ್ಳೆಯ ಸಾಕಣೆದಾರರು ಖುಷಿಯಿಂದ ತೋರಿಸುತ್ತಾರೆ.

ಟೆನ್ನೆಸ್ಸೀ ತಳಿಯ ವಿಷಯದಲ್ಲಿ ಇದಕ್ಕೊಂದು ಕೆಟ್ಟ ಇತಿಹಾಸವೇ ಇದೆ. ಆ ತಳಿಯ ಮೂಲಪುರುಷ ಬ್ಲ್ಯಾಕ್ ಅಲನ್ ಎಂಬ ಕುದುರೆ. 1886ರಲ್ಲಿ ಹುಟ್ಟಿದ್ದು. ಟ್ರಾಟ್ ಓಟಕ್ಕೆಂದು ಬೆಳೆಸಿದರೂ ಅದು ಅದರಲ್ಲಿ ಗೆಲ್ಲಲಿಲ್ಲ, ಅದರ ಒಲವು ಪೇಸ್ ಕಡೆಗಿತ್ತು. ಮರಿಗಳ ಮೂಲಕ ಹೆಸರು ಮಾಡಿತು. ತಳಿಯ ಸಂಘ 1935ರಲ್ಲಿ ಶುರುವಾಯಿತು. ಅಲ್ಲಿಯವರೆಗೆ ಇದು ಹೊಲ ಗದ್ದೆ ಸುತ್ತಲು ಹೇಳಿಮಾಡಿಸಿದ ಕುದುರೆ. ಆಮೇಲೆ ಪ್ರದರ್ಶನಗಳಲ್ಲಿ ಮುಂಗಾಲನ್ನು ಅತಿಯಾಗಿ ಎತ್ತುವ ಶೈಲಿಗೆ ಬಹುಮಾನ ಸಿಗತೊಡಗಿತು. ಅದಕ್ಕಾಗಿ ಕೆಲವರು ಕಾಲಿಗೆ ಉರಿಯುವ ರಾಸಾಯನಿಕ ಹಚ್ಚಿ, ಮೇಲೆ ಸರಪಣಿ ಕಟ್ಟಿದರು. ನೋವಿಗೆ ಕುದುರೆ ಕಾಲು ಎತ್ತೆತ್ತಿ ಹಾಕುತ್ತದೆ. ಈ ಕ್ರೌರ್ಯಕ್ಕೆ ಸೋರಿಂಗ್ ಎಂದು ಹೆಸರು. ಇದನ್ನು ತಡೆಯಲು ಅಮೆರಿಕ 1970ರಲ್ಲಿ ಕಾನೂನು ಮಾಡಿತು, ಆದರೂ ಅದು ಪೂರ್ತಿ ನಿಂತಿಲ್ಲ. ಗೊರಸಿನ ಮೇಲಿನ ಭಾಗದಲ್ಲಿ ಗಾಯದ ಕಲೆ, ಕೂದಲು ಉದುರಿದ ಜಾಗ, ಮುಟ್ಟಿದರೆ ಕಾಲು ಎಳೆದುಕೊಳ್ಳುವುದು, ಇವು ಕಂಡರೆ ಅಲ್ಲಿಂದ ಹೊರಡಿ.

ತಳಿಗೆ ತಕ್ಕ ಕಾಯಿಲೆ

ತಳಿ ಬದಲಾದಂತೆ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ. ರಾಕಿ ಮೌಂಟನ್ ಕುದುರೆಯ ಚಾಕೊಲೇಟ್ ಮೈ, ಬೆಳ್ಳಿಯಂಥ ಜೂಲು ನೋಡಿ ಮನಸೋಲದವರು ಕಡಿಮೆ. ಆ ಬಣ್ಣ ತರುವ ವಂಶವಾಹಿಯ ಜೊತೆಗೇ ಹುಟ್ಟಿನಿಂದ ಬರುವ ಕಣ್ಣಿನ ದೋಷವೂ ಬರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ದೋಷ ಜೋರು. ಹಾಗಾಗಿ ಆ ಬಣ್ಣದ ಕುದುರೆ ಕೊಳ್ಳುವವರು ಕಣ್ಣಿನ ಪರೀಕ್ಷೆ ಮಾಡಿಸಲೇಬೇಕು.

ಪೆರುವಿನ ಪಾಸೋ ಮುಂಗಾಲನ್ನು ಹೆಗಲಿನಿಂದಲೇ ಹೊರಕ್ಕೆ ಬೀಸಿ ಇಡುತ್ತದೆ. ಹೊಸಬರು ಇದನ್ನು ಕಾಲಿನ ದೋಷ ಅಂದುಕೊಳ್ಳುತ್ತಾರೆ. ಅದು ತಳಿಯ ಗುಣ, ಅದರ ಹೆಸರು ತೆರ್ಮಿನೊ. ನೋಡಬೇಕಾದದ್ದು ಬೇರೆ. ಈ ತಳಿಯಲ್ಲಿ ಕಾಲಿನ ಹಿಂಭಾಗದ ಆಧಾರ ತಂತುಗಳು ನಿಧಾನಕ್ಕೆ ಸಡಿಲವಾಗುವ ಕಾಯಿಲೆ ಇದೆ, ಮದ್ದಿಲ್ಲ. ಗೊರಸಿನ ಮೇಲಿನ ಗಿಣ್ಣು ಕೆಳಕ್ಕೆ ಕುಸಿದಂತೆ ಕಾಣುತ್ತಿದೆಯಾ ನೋಡಿ. ವಯಸ್ಸಾದ ತಾಯಿ ಮತ್ತು ಅಜ್ಜಿಯ ಕಾಲು ನೋಡಲು ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಎಳೆಯ ಕುದುರೆಯಲ್ಲಿ ಇದು ಕಾಣದೇ ಇರಬಹುದು. ಸಾಕಣೆದಾರರ ಹತ್ತಿರ ಹೋಗುವುದರ ದೊಡ್ಡ ಲಾಭ ಇಂಥ ಕಡೆ.

ಐಸ್‌ಲ್ಯಾಂಡ್‌ಗೆ ಹೊರಗಿನ ಕುದುರೆ ಬರುವಂತಿಲ್ಲ. ಹೊರಗೆ ಹೋದ ಅಲ್ಲಿಯದೇ ಕುದುರೆ ಕೂಡ ಮತ್ತೆ ಒಳಗೆ ಹೋಗುವಂತಿಲ್ಲ. ಅಲ್ಲಿ ಹುಟ್ಟಿ ಬೇರೆ ದೇಶಕ್ಕೆ ಹೋದ ಕುದುರೆಗಳಿಗೆ ಸಣ್ಣ ನುಸಿಗಳ ಕಡಿತದಿಂದ ಬೇಸಿಗೆಯಲ್ಲಿ ವಿಪರೀತ ತುರಿಕೆ ಬರುವುದು ಜಾಸ್ತಿ. ಹೊರದೇಶದಲ್ಲೇ ಹುಟ್ಟಿದವಕ್ಕೆ ಇದರ ಕಾಟ ಕಡಿಮೆ. ಹಾಗಾಗಿ ನುಸಿ ಇರುವ ಜಾಗದಲ್ಲಿರುವವರು ಹತ್ತಿರದ ಸಾಕಣೆದಾರರ ಕುದುರೆ ಕೊಳ್ಳುವುದೇ ಮೇಲು.

ಏರಿ ನೋಡುವುದು

ಮೊದಲು ಮಾರುವವರೇ ಏರಲಿ. ಅವರೇ ಏರಲು ಹಿಂಜರಿದರೆ ಅದೇ ಉತ್ತರ. ಆಮೇಲೆ ನೀವು ಏರಿ. ಬಹಳ ಜನ ನೇರ ವೇಗಕ್ಕೆ ಹೋಗುತ್ತಾರೆ. ವೇಗದಲ್ಲಿ ಎಂಥ ಒರಟು ನಡಿಗೆಯೂ ಸ್ವಲ್ಪ ನಯವಾಗಿ ಕಾಣಬಹುದು. ನಿಧಾನದಲ್ಲಿ ತಾಳ ಉಳಿಯುತ್ತದೆಯಾ ಅನ್ನುವುದೇ ನಿಜವಾದ ಪರೀಕ್ಷೆ. ಸಾಮಾನ್ಯ ನಡೆಯಿಂದ ಶುರುಮಾಡಿ, ಚೂರು ಚೂರೇ ಏರಿಸಿ, ಮತ್ತೆ ಇಳಿಸಿ. ತಿರುವಿನಲ್ಲಿ, ಇಳಿಜಾರಿನಲ್ಲಿ, ಒರಟು ನೆಲದಲ್ಲಿ ನೋಡಿ. ಇಳಿಜಾರಿನಲ್ಲಿ ಪೇಸ್‌ಗೆ ಜಾರುವ ಕುದುರೆಗಳಿವೆ. ಅದನ್ನು ತರಬೇತಿಯಲ್ಲಿ ತಿದ್ದಬಹುದು, ಆದರೆ ತಿದ್ದುವವರು ಯಾರು? ನಿಮಗೆ ಬರದಿದ್ದರೆ, ಈಗಾಗಲೇ ತಿದ್ದಿದ ಕುದುರೆಗೆ ಹೆಚ್ಚು ದುಡ್ಡು ಕೊಡುವುದೇ ಅಗ್ಗ.

ಸವಾರಿಗೆ ಹೊಸಬರಾದರೆ ಎಂಟು ಹತ್ತು ವರ್ಷದ, ಬೀಜ ಒಡೆಸಿದ ಗಂಡು ಕುದುರೆ ನೋಡಿ. ಮುದ್ದಾದ ಎರಡು ವರ್ಷದ ಮರಿಯನ್ನು ಕಂಡು ಇಬ್ಬರೂ ಒಟ್ಟಿಗೆ ಕಲಿಯುತ್ತೇವೆ ಅನ್ನುವ ಯೋಚನೆ ಸುಮ್ನೆ ಕೇಳಲು ಚೆಂದ. ಕುದುರೆಯ ಬೆನ್ನುಮೂಳೆಯ ಬೆಳವಣಿಗೆ ಮುಗಿಯಲು ಐದಾರು ವರ್ಷ ಬೇಕು. ಎರಡನೇ ವರ್ಷಕ್ಕೇ ಸವಾರಿ ಹೂಡಿ, ನಡಿಗೆ ಪಕ್ಕಾ ಆಗಿದೆ ಅಂತ ಮಾರುವವರ ಹತ್ತಿರ ನಾನಾದರೆ ಕೊಳ್ಳುವುದಿಲ್ಲ. ತೂಕದ ಲೆಕ್ಕವೂ ಮುಖ್ಯ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ದಾಟಬಾರದು ಎಂಬುದು ರೂಢಿಯ ಮಿತಿ. ಮೆತ್ತನೆಯ ನಡಿಗೆಯ ತಳಿಗಳಲ್ಲಿ ಹಲವು ಗಿಡ್ಡ, ಹಗುರ. ಆದ್ದರಿಂದ ಈ ಮಿತಿ ಬೇಗ ತಾಕುತ್ತದೆ.

ಸಾಧ್ಯವಾದರೆ ಇನ್ನೊಂದು ದಿನ ಬೇರೆ ಹೊತ್ತಿಗೆ ಹೋಗಿ. ನೀವು ಬರುವ ಮೊದಲೇ ಕುದುರೆಯನ್ನು ಓಡಿಸಿ ದಣಿಸಿಟ್ಟರೆ ಎಂಥ ತುಂಟನೂ ಸಾಧುವಾಗಿ ನಿಲ್ಲುತ್ತದೆ. ಹೊರಗಿನಿಂದ ಹಿಡಿದು ತರುವುದು, ಮೈ ತಿಕ್ಕುವುದು, ಗೊರಸು ಎತ್ತಿಸುವುದು, ಜೀನು ಬಿಗಿಯುವುದು ಎಲ್ಲ ನಿಮ್ಮ ಕಣ್ಣೆದುರೇ ಆಗಲಿ.

ಮನಸ್ಸು ಒಪ್ಪಿದ ಮೇಲೆ ಪಶುವೈದ್ಯರ ಪರೀಕ್ಷೆ. ವೈದ್ಯರನ್ನು ನೀವೇ ಗೊತ್ತುಮಾಡಿ, ಶುಲ್ಕವನ್ನೂ ನೀವೇ ಕೊಡಿ. ಮಾರುವವರ ಲಾಯಕ್ಕೆ ದಿನಾ ಬರುವ ವೈದ್ಯರು ಬೇಡ. ಎದೆಬಡಿತ, ಶ್ವಾಸ, ಕಣ್ಣು, ಹಲ್ಲು, ಗೊರಸು ನೋಡುತ್ತಾರೆ. ಕಾಲಿನ ಕೀಲುಗಳನ್ನು ಸ್ವಲ್ಪ ಹೊತ್ತು ಮಡಚಿ ಹಿಡಿದು ಕೂಡಲೇ ಓಡಿಸಿ ಕುಂಟು ಇದೆಯಾ ಎಂದು ಪರೀಕ್ಷಿಸುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಕುಂಟನ್ನು ಸಾಮಾನ್ಯವಾಗಿ ಟ್ರಾಟ್‌ನಲ್ಲಿ ಗುರುತಿಸುತ್ತಾರೆ, ತಲೆ ಎತ್ತುವ ಇಳಿಸುವ ರೀತಿ ನೋಡಿ. ಟ್ರಾಟ್ ಮಾಡದ, ಹುಟ್ಟಾ ತಲೆ ತೂಗುವ ಕುದುರೆಯಲ್ಲಿ ಇದು ಕಷ್ಟ. ಆದ್ದರಿಂದ ಇಂಥ ತಳಿಗಳನ್ನು ನೋಡಿ ಅಭ್ಯಾಸವಿರುವ ವೈದ್ಯರೇ ಸಿಕ್ಕರೆ ಒಳ್ಳೆಯದು. ನೋವು ಮುಚ್ಚುವ ಅಥವಾ ಮಂಪರು ಬರಿಸುವ ಔಷಧಿ ಕೊಟ್ಟಿದ್ದಾರಾ ಎಂದು ತಿಳಿಯಲು ರಕ್ತವನ್ನೂ ತೆಗೆಸಿ.

ಕಾಗದ ಪತ್ರದ ವಿಷಯ ಚಿಕ್ಕದು. ತಳಿ ಸಂಘದ ನೋಂದಣಿ, ಡಿಎನ್‌ಎಯಿಂದ ಖಾತರಿಯಾದ ತಂದೆ ತಾಯಿ, ಲಸಿಕೆ ಮತ್ತು ರಕ್ತ ಪರೀಕ್ಷೆಯ ದಾಖಲೆ, ಮೈಕ್ರೋಚಿಪ್ ಸಂಖ್ಯೆ ಎಲ್ಲವೂ ಎದುರಿಗಿರುವ ಕುದುರೆಗೇ ಹೊಂದುತ್ತವೆಯಾ ನೋಡಿ. ಕರಾರಿನಲ್ಲಿ "ಒಳ್ಳೆಯ ನಡಿಗೆ" ಅಂತ ಬರೆದರೆ ಪ್ರಯೋಜನವಿಲ್ಲ. ಯಾವ ನಡಿಗೆ, ಯಾವ ಲಾಳ, ಯಾವ ಕಡಿವಾಣದಲ್ಲಿ ಎಂದು ಬರೆಸಿ. ಸರಿಹೋಗದಿದ್ದರೆ ಎಷ್ಟು ದಿನದೊಳಗೆ, ಯಾವ ಷರತ್ತಿನ ಮೇಲೆ ವಾಪಸ್ ಅನ್ನುವುದೂ ಇರಲಿ. ಹೆಸರುಳ್ಳ ಸಾಕಣೆದಾರರಲ್ಲಿ ಹಲವರು, ಮುಂದೆ ನೀವು ಮಾರುವುದಾದರೆ ಮೊದಲು ತಮಗೇ ಹೇಳಬೇಕು ಎಂದು ಕೇಳುತ್ತಾರೆ. ಅಂಥ ಷರತ್ತು ಹಾಕುವವರ ಬಗ್ಗೆ ನನಗೆ ವಿಶ್ವಾಸ ಹೆಚ್ಚು.

ಕುದುರೆ ಮನೆಗೆ ಬಂದ ಮೊದಲ ವಾರಗಳಲ್ಲಿ ನಡಿಗೆ ಕೆಡುವುದುಂಟು. ಮೋಸ ಹೋದೆ ಅಂತ ಕೂಡಲೇ ಗಾಬರಿಯಾಗುತ್ತಾರೆ. ಕಾರಣ ಎಷ್ಟೋ ಸಲ ಜೀನಿನಲ್ಲಿರುತ್ತದೆ. ಈ ಕುದುರೆಗಳ ಹೆಗಲು ದೂರ ಚಾಚುತ್ತದೆ. ಅಲ್ಲಿ ಜೀನು ಒತ್ತಿದರೆ ಹೆಜ್ಜೆ ಮೊಟಕಾಗಿ, ಬೆನ್ನು ಬಿಗಿದು, ಕುದುರೆ ಪೇಸ್‌ಗೆ ಜಾರುತ್ತದೆ. ಹೊಸ ಲಾಳದವರು ಗೊರಸನ್ನು ತಮ್ಮ ಅಭ್ಯಾಸದಂತೆ ಕತ್ತರಿಸಿದರೂ ಹೀಗಾಗಬಹುದು. ಆದ್ದರಿಂದ ಕೊಳ್ಳುವಾಗಲೇ ಸಾಕಣೆದಾರರು ಬಳಸುವ ಜೀನಿನ ಅಳತೆ, ಕಡಿವಾಣದ ಬಗೆ, ಗೊರಸಿನ ಕೋನ ಮತ್ತು ಉದ್ದ ಬರೆದುಕೊಳ್ಳಿ. ನಾಲ್ಕು ಗೊರಸಿನ ಫೋಟೊ ಪಕ್ಕದಿಂದಲೂ ಮುಂದಿನಿಂದಲೂ ತೆಗೆದಿಡಿ. ಮೊದಲ ಬಾರಿ ಲಾಳ ಕಟ್ಟಿಸುವಾಗ ಆ ಫೋಟೊಗಳನ್ನು ಲಾಳದವರಿಗೆ ತೋರಿಸಿ, ಅದೇ ಅಳತೆಗೆ ಕತ್ತರಿಸಲು ಹೇಳಿ. ಏನಾದರೂ ಬದಲಾಯಿಸುವುದಿದ್ದರೆ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಆಗ ನಡಿಗೆ ಕೆಟ್ಟರೂ ಕೆಡಿಸಿದ್ದು ಯಾವುದು ಅಂತ ಗೊತ್ತಾಗುತ್ತದೆ.